ಅಕಾಡಾಮಾ ಮಣ್ಣು: ಹಳೇ ಪೈನ್ ಬೋನ್ಸಾಯ್‌ಗೆ ಹಾಕಿ ವರ್ಷಗಳಾದ ಮೇಲೆ

ಅಕಾಡಾಮಾ ಅಂದರೆ ಬೋನ್ಸಾಯ್‌ಗೆ, ಅಂದರೆ ಕುಂಡದಲ್ಲಿ ಬೆಳೆಸುವ ಪುಟ್ಟ ಮರಗಳಿಗೆ, ಹಾಕುವ ಜಪಾನಿನ ಕಾಳು ಕಾಳಾದ ಜೇಡಿಮಣ್ಣು. ಬೋನ್ಸಾಯ್ ಬೆಳೆಸುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಾಳಿನ ಅಳತೆ, ದರ್ಜೆ, ಚೀಲದ ತೂಕ ಎಲ್ಲ ಮಾರುವವರೇ ಬರೆದಿರುತ್ತಾರೆ. ನಾನು ಈ ವಿಮರ್ಶೆ ಬರೆಯಲು ಕಾರಣ ಅವರು ಬರೆಯದ ಒಂದು ಗುಣ. ಈ ಮಣ್ಣು ಬಣ್ಣ ಬದಲಿಸುತ್ತದೆ. ನೀರು ಕುಡಿದಾಗ ಕಡು ಕಂದು, ಒಣಗುತ್ತಾ ಬಂದಂತೆ ಮಾಸಲು ಹಳದಿ. ಇಷ್ಟೇ. ಆದರೆ ನನ್ನ ಮಟ್ಟಿಗೆ ಕೊಟ್ಟ ದುಡ್ಡಿನ ಅರ್ಧ ಇದಕ್ಕೇ ಸಲ್ಲುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಇಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಮೊದಲು ಕುಂಡದ ಅಂಚು ನೋಡುತ್ತೇನೆ, ಅಲ್ಲಿ ಬೇಗ ಒಣಗುತ್ತದೆ. ಆಮೇಲೆ ಬುಡದ ಸುತ್ತ. ಮೇಲಿನ ಕಾಳು ಮಾಸಲಾಗಿದ್ದರೂ ಅವಸರ ಮಾಡುವುದಿಲ್ಲ. ಬೆರಳಲ್ಲಿ ನಾಲ್ಕು ಕಾಳು ಸರಿಸಿ ಕೆಳಗಿನ ಪದರ ನೋಡುತ್ತೇನೆ. ಅದೂ ಬಣ್ಣ ಬಿಡುತ್ತಿದ್ದರೆ ಮಾತ್ರ ಝಾರಿ ಎತ್ತುತ್ತೇನೆ. ಸಣ್ಣ ರಂಧ್ರದ ಝಾರಿಯಲ್ಲಿ ಒಂದು ಸುತ್ತು, ಸ್ವಲ್ಪ ಬಿಟ್ಟು ಇನ್ನೊಂದು ಸುತ್ತು. ಕಾಳುಗಳು ಕಣ್ಣೆದುರೇ ಕಪ್ಪಾಗುತ್ತಾ ಹೋಗುತ್ತವೆ. ಎಲ್ಲೋ ಒಂದು ಮೂಲೆಗೆ ನೀರು ತಲುಪದಿದ್ದರೆ ಅದೂ ತಕ್ಷಣ ಗೊತ್ತಾಗುತ್ತದೆ. ಪೈನ್‌ಗೆ ಬೇರು ಸದಾ ಒದ್ದೆಯಾಗಿದ್ದರೆ ಆಗುವುದಿಲ್ಲ, ಪೂರ್ತಿ ಒಣಗಿದರೂ ಆಗುವುದಿಲ್ಲ. ಆ ನಡುವಿನ ಹದ ಹಿಡಿಯಲು ಇದಕ್ಕಿಂತ ಸುಲಭದ ದಾರಿ ನಾನು ನೋಡಿಲ್ಲ.

ಮರದ ಬಗ್ಗೆ ಎರಡು ಮಾತು. ಅದು ಜಪಾನೀ ಬ್ಲ್ಯಾಕ್ ಪೈನ್. ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರಿಂದ ಕೊಂಡದ್ದು. ತೊಗಟೆ ಚಕ್ಕೆ ಚಕ್ಕೆಯಾಗಿ ಬಿರಿದು ನೋಡಲು ಬಹಳ ಚೆಂದ. ಕೊಂಬೆಗಳು ಮಾತ್ರ ಉದ್ದಕ್ಕೆ ಓಡಿ, ತುದಿಯಲ್ಲಷ್ಟೇ ಸೂಜಿ ಎಲೆ ಉಳಿದಿತ್ತು. 2020ರ ಜನವರಿಯಲ್ಲಿ ಅದಕ್ಕೆ ಹೊಸ ರೂಪ ಕೊಟ್ಟೆವು. ಎದುರಿಗೇ ಚಾಚಿದ್ದ ದಪ್ಪ ಕೊಂಬೆಯನ್ನು ಕಾನ್‌ಕೇವ್ ಕಟರ್‌ನಿಂದ (ಗುಳಿ ಬೀಳುವಂತೆ ಕತ್ತರಿಸುವ ಕತ್ತರಿ) ತೆಗೆದು, ಗಾಯಕ್ಕೆ ಪೇಸ್ಟ್ ಹಚ್ಚಿದೆವು. ಉಳಿದ ಕೊಂಬೆಗಳಿಗೆ ಹದ ಮಾಡಿದ ತಾಮ್ರದ ತಂತಿ ಸುತ್ತಿ ಕೆಳಕ್ಕೆ ಬಗ್ಗಿಸಿದೆವು. ಆಗ ಮರದ ಮುಖವೇ ಬದಲಾಯಿತು. ಹಿಂದೆ ಬೆನ್ನಾಗಿದ್ದ ಕಡೆ ಈಗ ಮುಂಭಾಗ. ಹೊಸ ಮುಖಕ್ಕೆ ಕಾಂಡ ಸ್ವಲ್ಪ ಬಲಕ್ಕೆ ವಾಲಬೇಕು. ಕುಂಡದಲ್ಲಿ ಅದರ ಕೂರುವ ಭಂಗಿ ಬದಲಾಗದೆ ಅದು ಆಗುವುದಿಲ್ಲ. ಹಾಗಂತ ಅದೇ ಚಳಿಗಾಲದಲ್ಲಿ ಬೇರಿಗೂ ಕೈ ಹಾಕಿದರೆ ಹಳೇ ಪೈನ್ ತಡೆದುಕೊಳ್ಳುವುದು ಕಷ್ಟ. ಒಂದು ಬೇಸಿಗೆ ಪೂರ್ತಿ ಬೆಳೆಯಲು ಬಿಟ್ಟು, 2021ರ ಜನವರಿ ಕೊನೆಗೆ ಕುಂಡ ಬದಲಿಸಿದೆ.

ಮಿಶ್ರಣ ಇಲ್ಲಿ ಎಲ್ಲರಿಗೂ ಗೊತ್ತಿರುವ ಬೂನ್ ಮಿಕ್ಸ್: ಅಕಾಡಾಮಾ, ಪ್ಯೂಮಿಸ್ (ಹಗುರವಾದ, ತೂತು ತೂತಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಮೂರೂ ಸಮಪಾಲು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಬೋನ್ಸಾಯ್ ಗುರು ಬೂನ್ ಮನಕಿಟಿವಿಪಾರ್ಟ್ ಅವರಿಂದ ಬಂದ ಹೆಸರು ಅದು. ಪೈನ್ ಬೇರನ್ನು ಒಂದೇ ಸಲ ಪೂರ್ತಿ ತೊಳೆಯಬಾರದು. ಬೇರಿನ ಗಡ್ಡೆಯ ಅರ್ಧ ಭಾಗದ ಹಳೇ ಮಣ್ಣನ್ನಷ್ಟೇ ತೆಗೆದು, ಇನ್ನರ್ಧವನ್ನು ಮುಂದಿನ ಸಲಕ್ಕೆ ಬಿಡಬೇಕು. ನಾನು ಎಡಭಾಗ ಬಿಡಿಸಿ ಹೊಸ ಮಿಶ್ರಣ ತುಂಬಿದೆ. ಮರ ಅಲುಗಾಡದಂತೆ ತಂತಿಯಿಂದ ಬಿಗಿದೆ. ಚಾಪ್‌ಸ್ಟಿಕ್‌ನಿಂದ ಬೇರಿನ ಸಂದಿಗೆ ಕಾಳು ಇಳಿಸುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಡ್ಡಿ ಚುಚ್ಚಿದಾಗ ಕಾಳು ಇನ್ನು ಜರುಗಲ್ಲ ಅನ್ನಿಸಿದಾಗ ನೀರು. ಕೆಳಗಿನ ತೂತಿನಿಂದ ಮೊದಲು ಕೆಂಪು ನೀರು ಬರುತ್ತದೆ. ಅದು ತಿಳಿಯಾಗುವವರೆಗೂ ಹಾಕುತ್ತಿರಬೇಕು.

ಇಲ್ಲಿವರೆಗೆ ಸಂತೋಷವೇ. ಬೇಜಾರಾದದ್ದು ಮುಂದಿನ ಚೀಲದಿಂದ. ಅದೇ ದರ್ಜೆ, ಅದೇ ಬೆಲೆ. ಜರಡಿ ಹಿಡಿದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಪುಡಿ! ಉಳಿದ ಕಾಳೂ ಎರಡು ಬೆರಳ ನಡುವೆ ಒತ್ತಿದರೆ ಸುಮ್ನೆ ಪುಡಿಯಾಗುತ್ತಿತ್ತು. ಮಾರಿದವರಿಗೆ ಬರೆದೆ. ಸಾಗಣೆಯಲ್ಲಿ ಹಾಗಾಗುತ್ತದೆ ಅಂತ ಉತ್ತರ ಬಂತು. ಇರಬಹುದು, ಆದರೆ ಆ ಪುಡಿಗೂ ನಾನು ದುಡ್ಡು ಕೊಟ್ಟಿದ್ದೇನೆ ಅಲ್ವಾ? ಅದನ್ನು ಮಿಶ್ರಣಕ್ಕೆ ಸೇರಿಸುವಂತೆಯೂ ಇಲ್ಲ. ಕಾಳುಗಳ ನಡುವಿನ ಗಾಳಿಯ ಜಾಗ ಮುಚ್ಚಿ ನೀರು ನಿಲ್ಲುತ್ತದೆ. ಅಂದಿನಿಂದ ಹೊಸ ಚೀಲ ಒಡೆದ ಕೂಡಲೇ ಒಂದು ಹಿಡಿ ಕಾಳನ್ನು ಲೋಟದ ನೀರಲ್ಲಿ ನೆನೆಸಿ ಫ್ರೀಜರ್‌ನಲ್ಲಿಡುತ್ತೇನೆ. ಮರುದಿನ ಕರಗಿಸಿ, ಮತ್ತೆ ಇಡುತ್ತೇನೆ. ಕೊನೆಗೆ ಕಾಳು ಕಾಳಾಗಿಯೇ ಉಳಿದರೆ ಪೈನ್‌ಗೆ. ಕೆಸರಾದರೆ ವಾಪಸ್ ಕೇಳುತ್ತೇನೆ. ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ಈ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

2024ರ ಫೆಬ್ರವರಿಯಲ್ಲಿ ಉಳಿದ ಅರ್ಧಕ್ಕೆಂದು ಮರವನ್ನು ಮತ್ತೆ ಎತ್ತಿದೆ. ಒಂದೇ ಮರ, ಒಂದೇ ಕುಂಡ, ಎರಡು ಬಗೆಯ ಮಣ್ಣು. ಬಲಗಡೆ ಹಿಂದಿನವರ ಕಾಲದ ಮಣ್ಣು ಕಪ್ಪಗೆ ಗಟ್ಟಿಯಾಗಿತ್ತು. ಒಳಗೆ ನೀರೇ ಇಳಿದಿರಲಿಲ್ಲ. ಇದ್ದ ಕೆಲವು ಬೇರು ದಪ್ಪ, ಬೋಳು. ಎಡಗಡೆ ಕೊಕ್ಕೆ ಹಾಕಿ ಬಾಚುತ್ತಿದ್ದಂತೆ ಅಣಬೆಯ ವಾಸನೆ ಬಂತು. ಕಾಳುಗಳ ಮೇಲೆಲ್ಲ ಬಿಳಿ ಬೂಷ್ಟಿನಂಥ ಎಳೆ, ಅದು ಪೈನ್ ಬೇರಿಗೆ ಜೊತೆಗಾರನಾದ ಮೈಕೊರೈಜಾ ಶಿಲೀಂಧ್ರ. ಸಣ್ಣ ಬೇರುಗಳು ಅಕಾಡಾಮಾ ಕಾಳಿನ ಒಳಗೇ ಹೊಕ್ಕು ಅದನ್ನು ಸೀಳಿದ್ದವು. ಒಂದು ಕಾಳನ್ನು ಅಂಗೈ ಮೇಲಿಟ್ಟು ನೋಡಿದೆ. ಕೂದಲೆಳೆಯಂಥ ಬೇರು ಒಂದು ಕಡೆ ಒಳಹೋಗಿ, ಮತ್ತೊಂದು ಕಡೆ ಎರಡಾಗಿ ಕವಲೊಡೆದು ಹೊರಬಂದಿತ್ತು. ಚೀಲದಲ್ಲಿ ಕಾಳು ಒಡೆದರೆ ನಷ್ಟ. ಬೇರು ಒಡೆದರೆ ಅದೇ ಲಾಭ. ನನ್ನ ಸಿಟ್ಟು ಅಲ್ಲಿಗೆ ಬಹಳಷ್ಟು ಇಳಿಯಿತು.

ಆದರೂ ಇನ್ನೊಂದು ಮಾತು ಹೇಳಲೇಬೇಕು. ಆ ಹಳೇ ಮಣ್ಣಿನ ಪಕ್ಕದಲ್ಲಿಟ್ಟರೆ ಯಾವ ಕಾಳುಮಣ್ಣೂ ಗೆಲ್ಲುತ್ತದೆ. ನನ್ನ ಚಿಕ್ಕ ಪೈನ್ ಸಸಿಗಳು ಬರೀ ಪ್ಯೂಮಿಸ್‌ನಲ್ಲಿ, ತೂತಿನ ಬುಟ್ಟಿಗಳಲ್ಲಿ ಚೆನ್ನಾಗಿಯೇ ಇವೆ. ಪ್ಯೂಮಿಸ್ ಅಮೆರಿಕದ ಈ ಪಶ್ಚಿಮ ಭಾಗದಲ್ಲೇ ಅಗೆಯುವ ಕಲ್ಲು, ಜಪಾನಿನಿಂದ ಹಡಗಲ್ಲಿ ಬರುವ ಮಣ್ಣಿಗಿಂತ ಎಷ್ಟೋ ಅಗ್ಗ. ಹಾಗಾಗಿ ನನ್ನ ಲೆಕ್ಕ ಹೀಗಿದೆ: ಬೆಳೆಯುವ ಸಸಿಗೆ ಅಕಾಡಾಮಾ ದಂಡ. ರೂಪ ಬಂದ ಹಳೇ ಮರಕ್ಕೆ, ಒಂದು ಪಾಲಿನಷ್ಟು, ಖಂಡಿತ ಬೇಕು. ವರ್ಷಕ್ಕೆ ಒಂದೇ ಚೀಲ ಕೊಳ್ಳುತ್ತೇನೆ. ಐದರಲ್ಲಿ ಮೂರೂವರೆ ನಕ್ಷತ್ರ. ಕಳೆದ ಒಂದೂವರೆ ಪೂರ್ತಿ ಪುಡಿಯ ಖಾತೆಗೆ.

ಬೆಂಗಳೂರಿನ ಗೆಳೆಯರು ಇದನ್ನು ತರಿಸಬೇಕಾ ಅಂತ ಕೇಳುತ್ತಿರುತ್ತಾರೆ. ಆಲ, ಅತ್ತಿಯಂಥ ಫೈಕಸ್ ಮರಗಳಿಗೆ ಬೇಡ ಅನ್ನುತ್ತೇನೆ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ತೊಳೆದು ಹಾಕಿ. ಬೇರು ಅದನ್ನು ಸೀಳಲಾರದು, ಆ ಸುಖ ಸಿಗುವುದಿಲ್ಲ. ಆದರೆ ಒದ್ದೆಯಾದರೆ ಕಡುಗೆಂಪು, ಒಣಗಿದರೆ ತಿಳಿಗೆಂಪು. ನೀರು ಯಾವಾಗ ಹಾಕಬೇಕು ಅನ್ನುವುದನ್ನು ಅದೂ ತೋರಿಸುತ್ತದೆ.