ಬಚ್ಚಲ ನೀರಿಗೆ ಯಾವ ಗಿಡ ಹಾಕೋದು: ಆಪು, ಕಾಬಾಳೆ, ಲಾವಂಚ, ಕೆಸ

ಬಚ್ಚಲು ನೀರು ಹಿತ್ತಲಲ್ಲಿ ನಿಂತು ಕಪ್ಪಾಗಿ ನಾರೋದು, ಸಂಜೆ ಆದ್ರೆ ಸೊಳ್ಳೆ, ಇದು ನಮ್ಮ ಮಂಡ್ಯ ಕಡೆ ಹಳ್ಳಿ ಮನೆ ಇರೋರಿಗೆಲ್ಲ ಗೊತ್ತು. ಹಿಂದೆ ಆ ನೀರಿಗೆ ಎರಡು ಬಾಳೆ, ಒಂದಷ್ಟು ಕೆಸ ಹಾಕಿ ಬಿಡ್ತಿದ್ರು, ಸಾಕಾಗ್ತಿತ್ತು, ಯಾಕಂದ್ರೆ ಸೇದಿದ ನೀರು, ತಲೆಗೆ ಸೀಗೆಪುಡಿ, ಪಾತ್ರೆಗೆ ಬೂದಿ. ಈಗ ವಾಷಿಂಗ್ ಮಷೀನ್ ನೀರು, ಶಾಂಪೂ, ಡಿಟರ್ಜೆಂಟು ಎಲ್ಲ ಸೇರಿ ಬರುತ್ತೆ, ಎರಡು ಬಾಳೆ ಏನು ಮಾಡೋಕಾಗುತ್ತೆ ಹೇಳಿ. ಅದಕ್ಕೆ ಪಾಂಡವಪುರ ಹತ್ರ ನಮ್ಮನೆ ಹಿಂದೆ ಎರಡಡಿ ಆಳದ ಸಿಮೆಂಟು ತೊಟ್ಟಿ ಕಟ್ಟಿ, ಜಲ್ಲಿ ತುಂಬಿ, ಮಧ್ಯೆ ಇಟ್ಟಿಗೆ ಇಟ್ಟು ಭಾಗ ಮಾಡಿ ಒಂದೊಂದರಲ್ಲಿ ಒಂದೊಂದು ಗಿಡ ಹಾಕಿದೆ. ನೀರು ಜಲ್ಲಿ ಮೇಲೆ ಬರಬಾರದು, ಒಂದೆರಡು ಇಂಚು ಕೆಳಗೇ ಹರೀಬೇಕು, ಆಗ ಸೊಳ್ಳೆಗೆ ಮೊಟ್ಟೆ ಇಡೋಕೆ ಜಾಗವೇ ಇರಲ್ಲ. ತೊಟ್ಟಿಗೆ ಮುಂಚೆ ಜಿಡ್ಡು ನಿಲ್ಲೋಕೆ ಒಂದು ಸಣ್ಣ ಗುಂಡಿ ಬೇಕೇ ಬೇಕು, ಅದಿಲ್ಲದಿದ್ರೆ ಸಾರಿನ ಎಣ್ಣೆ ಎಲ್ಲ ಜಲ್ಲಿಗೆ ಕಟ್ಕೊಳ್ಳುತ್ತೆ, ಯಾವ ಗಿಡ ಹಾಕಿದ್ರೂ ಅಷ್ಟೇ.

ಆಪು, ಅದೇ ಕೆರೆ ನಾಲೇಲಿ ಉದ್ದ ಎಲೆ, ಕಂದು ಕದಿರು ಬಿಡೋ ಟೈಫಾ ಗಿಡ, ತಂದು ನೆಟ್ಟಾಗ ಪಕ್ಕದ ಮನೆ ಅಣ್ಣ ಕೇಳಿದ್ರು, "ಅಲ್ಲ ಕಣಪ್ಪ, ನಾಲೇಲಿ ಜೆಸಿಬಿ ತಂದು ಕೀಳಿಸೋ ಗಿಡಾನ ನೀನು ದುಡ್ಡು ಹಾಕಿ ತೊಟ್ಟಿ ಕಟ್ಟಿ ಸಾಕ್ತೀಯಲ್ಲ" ಅಂತ. ಅವರ ಮಾತು ಸುಳ್ಳಲ್ಲ. ಆದ್ರೆ ನೀರು ತಿಳಿ ಮಾಡೋದರಲ್ಲಿ ನಾಲ್ಕರಲ್ಲಿ ಇದೇ ಮುಂದೆ, ನಾನು ಗಾಜಿನ ಲೋಟದಲ್ಲಿ ನಾಲ್ಕೂ ಕಡೆ ನೀರು ಹಿಡಿದು ಬಿಸಿಲಿಗೆ ಅಡ್ಡ ಇಟ್ಟು ನೋಡಿದೀನಿ, ಆಪು ಕಡೆಯಿಂದ ಬಂದಿದ್ದು ಬಣ್ಣ ಹೋಗಿ ತಿಳಿಯಾಗಿತ್ತು, ವಾಸನೆ ಹೆಚ್ಚುಕಮ್ಮಿ ಇರಲೇ ಇಲ್ಲ. ಕಾರಣ ಎಲೆ ಅಡ್ಡ ಕುಯ್ದರೆ ಕಣ್ಣಿಗೇ ಕಾಣುತ್ತೆ, ಒಳಗೆಲ್ಲ ಸಣ್ಣ ಸಣ್ಣ ಗಾಳಿ ಕೋಣೆ, ಪಾತ್ರೆ ತೊಳೆಯೋ ಸ್ಪಾಂಜ್ ಥರ. ಎಲೆಯಿಂದ ಗಾಳಿ ಆ ದಾರೀಲಿ ಕೆಸರೊಳಗಿನ ಗೆಡ್ಡೆವರೆಗೂ ಇಳಿಯುತ್ತೆ, ಬೇರಿನ ಸುತ್ತ ಒಂದಿಷ್ಟು ಸೋರುತ್ತೆ, ಅಲ್ಲಿ ಕೂತಿರೋ ಬ್ಯಾಕ್ಟೀರಿಯಾ ಅದನ್ನ ಉಸಿರಾಡಿ ಕೊಳೆ ತಿನ್ನುತ್ತವೆ. ಕೆಲಸದ ಬಹುಪಾಲು ಬ್ಯಾಕ್ಟೀರಿಯಾದ್ದು, ಗಿಡ ಅವಕ್ಕೆ ಮನೆ ಮತ್ತೆ ಗಾಳಿ ಕೊಡುತ್ತೆ. ಜರ್ಮನಿಯಲ್ಲಿ ಕೇಟೆ ಝೈಡೆಲ್ ಅನ್ನೋ ವಿಜ್ಞಾನಿ 1950ರ ದಶಕದಲ್ಲೇ ಜೊಂಡು, ಅಂದ್ರೆ ಆಪಿನ ಹಾಗೇ ನೀರಲ್ಲಿ ಬೆಳೆಯೋ ಇನ್ನೊಂದು ಗಿಡ, ಬಳಸಿ ಕೊಳಚೆ ನೀರಿನ ಪ್ರಯೋಗ ಶುರು ಮಾಡಿದ್ರು, ಅಂದ್ರೆ ಇದೇನು ನಿನ್ನೆ ಮೊನ್ನೆ ಬಂದ ಐಡಿಯಾ ಅಲ್ಲ.

ಆಪಿನ ತೊಂದರೆ ಅಂದ್ರೆ ಸುಮ್ನೆ ಇರಲ್ಲ. ಗೆಡ್ಡೆ ಅಡ್ಡಡ್ಡ ಓಡಿ ಇಟ್ಟಿಗೆ ಸಂದಿಯಿಂದ ಪಕ್ಕದ ಭಾಗಕ್ಕೆ ನುಗ್ಗುತ್ತೆ, ಆಳು ಮೀರಿ ಬೆಳೆಯುತ್ತೆ, ಆ ಕಂದು ಕದಿರು ಒಡೆದ್ರೆ ಒಂದೊಂದರಿಂದ ಲಕ್ಷದ ಮೇಲೆ ಬೀಜ ಗಾಳಿಗೆ ಹಾರುತ್ತೆ. ಅದಕ್ಕೇ ನಾನು ಕದಿರು ಹಸಿರಿದ್ದಾಗಲೇ ಕುಯ್ದು ಹಾಕ್ತೀನಿ, ತೊಟ್ಟಿ ಬಿಟ್ಟು ಬರೀ ಮಣ್ಣಲ್ಲಿ ಇದನ್ನ ಯಾರೂ ನೆಡಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ, ಗದ್ದೆ ಪಕ್ಕ ಇದ್ರಂತೂ ಬೇಡವೇ ಬೇಡ.

ಕಾಬಾಳೆ, ಅದೇ ಪಾರ್ಕಲ್ಲಿ ಕೆಂಪು ಹಳದಿ ಹೂ ಬಿಡೋ ಕ್ಯಾನಾ, ಅಮೆರಿಕ ಖಂಡದಿಂದ ಬಂದ ಗಿಡ ಆದ್ರೂ ಈಗ ನಮ್ಮೂರಿಂದೇ ಆಗೋಗಿದೆ. ನೀರು ತಿಳಿ ಮಾಡೋದರಲ್ಲಿ ಆಪಿಗಿಂತ ಸ್ವಲ್ಪ ಹಿಂದೆ ಅಷ್ಟೇ, ಹೂ ಚೆನ್ನಾಗಿರುತ್ತೆ, ಮನೆಯವರು ಬೈಯಲ್ಲ, ಗೆಡ್ಡೆ ಗುಂಪಾಗಿ ಬೆಳೆಯುತ್ತೆ, ಕೈಯಲ್ಲೇ ಕಿತ್ತು ತೆಳು ಮಾಡಬಹುದು. ಬೇಸಿಗೇಲಿ ಊರಿಗೆ ಹೋಗಿ ಬಚ್ಚಲು ನೀರು ಬರೋದು ನಿಂತ್ರೆ ಮಾತ್ರ ಎಲೆ ಅಂಚು ಸುಟ್ಟ ಹಾಗೆ ಒಣಗುತ್ತೆ.

ಲಾವಂಚಕ್ಕೆ ಆ ಕಷ್ಟ ಇಲ್ಲ, ನೀರಿದ್ರೂ ಸೈ ಇಲ್ಲದಿದ್ರೂ ಸೈ. ಬೇರು ಮೂರು ಮೀಟರ್ ಆಳಕ್ಕೆ ಹೋಗೋ ಹುಲ್ಲು, ಆದ್ರೆ ಎರಡಡಿ ತೊಟ್ಟೀಲಿ ಅದಕ್ಕೆ ಆ ಅವಕಾಶವೇ ಸಿಗಲ್ಲ, ಮೊದಲ ತಿಂಗಳುಗಳಲ್ಲಿ ತುಂಬಾ ನಿಧಾನ, ನೆರಳು ಬಿದ್ರೆ ಸೊರಗುತ್ತೆ. ತೊಟ್ಟಿಯಿಂದ ಹೊರಗೆ ಬರೋ ನೀರು ಹರಿಯೋ ಕಾಲುವೆ ಅಂಚಿಗೆ ಹಾಕಿ, ಮಣ್ಣು ಕೊಚ್ಚೋದನ್ನ ಇದು ಹಿಡಿಯೋ ಥರ ಇನ್ಯಾವುದೂ ಹಿಡಿಯಲ್ಲ.

ಕೆಸದ ಬಗ್ಗೆ ಜಾಸ್ತಿ ಹೇಳೋದಿಲ್ಲ, ಬೆಳೆಯುತ್ತೆ, ಆದ್ರೆ ಸೋಪು ನೀರಲ್ಲಿ ಬೆಳೆದ ಸೊಪ್ಪು ಸಾರಿಗೆ ಹಾಕೋಕೆ ನನಗೆ ಮನಸ್ಸಿಲ್ಲ.

ಕುಯ್ದಿದ್ದನ್ನ ಏನು ಮಾಡೋದು ಅನ್ನೋದೂ ಲೆಕ್ಕಕ್ಕೆ ಬರುತ್ತೆ, ಇಲ್ಲಿ ಮತ್ತೆ ಆಪೇ ಗೆಲ್ಲೋದು. ನಮ್ಮಜ್ಜಿ ಹೇಳ್ಕೊಟ್ಟ ಹಾಗೆ ಬಲಿತ ಎಲೆ ಕುಯ್ದು ನೆರಳಲ್ಲಿ ಒಣಗಿಸಿ, ಹೆಣೆಯೋ ಮುಂಚೆ ನೀರು ಚಿಮುಕಿಸಿ ಗೋಣಿಚೀಲದಲ್ಲಿ ಸುತ್ತಿಟ್ರೆ ಮುರಿಯಲ್ಲ, ಚಾಪೆ ಮೆತ್ತಗೆ ಬರುತ್ತೆ, ಬಾಳಿಕೆ ಮಾತ್ರ ಜೊಂಡಿನ ಚಾಪೆಗಿಂತ ಕಮ್ಮಿ. ಕದಿರಿನ ಹತ್ತಿ ದಿಂಬಿಗೆ ತುಂಬಿ ನೋಡಿದೆ, ಬೂರುಗದ ಹತ್ತಿ ಮುಂದೆ ಏನೂ ಅಲ್ಲ, ಎಳೆ ಗಿಡ್ಡ, ಬಟ್ಟೆ ದಾಟಿ ಮೂಗಿಗೆ ಬರುತ್ತೆ. ಎಳೆ ಕಾಂಡದ ಒಳಗಿನ ಬಿಳೀ ಭಾಗ ತಿನ್ನಬಹುದು, ಕರುಂ ಅನ್ನುತ್ತೆ, ರುಚಿ ಸಪ್ಪೆ, ಆದ್ರೆ ಈ ಗಿಡ ನೀರಲ್ಲಿರೋ ಸೀಸದಂಥ ಲೋಹಾನೂ ಹೀರಿಕೊಳ್ಳುತ್ತೆ, ಬಚ್ಚಲ ತೊಟ್ಟಿದಾಗಲಿ ಚರಂಡಿ ಸೇರೋ ಕೆರೇದಾಗಲಿ ಬಾಯಿಗೆ ಇಡಬೇಡಿ. ಕಾಬಾಳೆ ಎಲೆ ಗೊಬ್ಬರದ ಗುಂಡಿಗೆ ಹೋಗುತ್ತೆ, ಬೇಗ ಕೊಳೆಯುತ್ತೆ.

ಆಪನ್ನ ಪೀಡೆ ಅಂತ ಬಯ್ಯೋರಿಗೆ ಒಂದು ಮಾತು. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಭತ್ತ, ಕಬ್ಬಿಗೆ ಸುರಿದ ಯೂರಿಯಾ ಬಸಿದು ಬಂದು ಹೂಳು ತುಂಬಿದ ಕಡೆ ಅದು ಸೊಕ್ಕೋದು, ತಿನ್ನೋಕೆ ಇಟ್ಟವರು ನಾವೇ. ಅದೇ ಆಪಿನ ಮರೆಯಲ್ಲಿ ಜಂಬುಕೋಳಿ ಮರಿ ಮಾಡುತ್ತೆ, ಗೀಜಗ ಗೂಡು ಕಟ್ಟುತ್ತೆ, ಬೆಳಗ್ಗೆ ಮೈಸೂರಿನ ಲಿಂಗಾಂಬುಧಿ ಕೆರೆ ಕಡೆ ಹೋದ್ರೆ ಆಪು, ಜೊಂಡಿನ ಬೆಲೆ ಏನು ಅಂತ ಕಣ್ಣಾರೆ ಕಾಣುತ್ತೆ. ಪೂರ್ತಿ ಕಿತ್ತರೂ ತಪ್ಪು, ಪೂರ್ತಿ ಬಿಟ್ಟರೂ ನೀರು ಮುಚ್ಚಿಹೋಗುತ್ತೆ. ಕಮ್ಮಿ ಮಾಡಬೇಕು ಅಂದ್ರೆ ಜೆಸಿಬಿ ಬೇಡ, ನೀರಿನ ಮಟ್ಟಕ್ಕಿಂತ ಕೆಳಗೆ ಕುಡುಗೋಲಲ್ಲಿ ಕುಯ್ದು ಬಿಟ್ರೆ ಗೆಡ್ಡೆಗೆ ಗಾಳಿ ಸಿಗದೆ ಅಲ್ಲೇ ಕೊಳೆಯುತ್ತೆ, ಒಣಗಿದ ದಂಟೂ ನೀರಿಂದ ಮೇಲೆ ಉಳೀಬಾರದು ಅಷ್ಟೇ.

ನನ್ನ ಕೇಳಿದ್ರೆ, ಪೇಟೇಲಿ ಸಣ್ಣ ಸೈಟಿನವರು ಕಣ್ಣು ಮುಚ್ಚಿ ಕಾಬಾಳೆ ಹಾಕಿ. ಹಳ್ಳೀಲಿ ಜಾಗ ಇದೆ, ವರ್ಷಕ್ಕೆರಡು ಸಲ ಕುಯ್ಯೋ ಶ್ರದ್ಧೆ ಇದೆ ಅನ್ನೋರು ತೊಟ್ಟಿಯ ಮೊದಲರ್ಧಕ್ಕೆ ಆಪು, ಉಳಿದರ್ಧಕ್ಕೆ ಕಾಬಾಳೆ, ಮಧ್ಯೆ ಇಟ್ಟಿಗೆ ಬದಲು ಸಂದಿ ಇಲ್ಲದ ಕಡಪ ಕಲ್ಲು ನಿಲ್ಲಿಸಿ. ಮನೇಲಿರೋ ಒಬ್ಬೊಬ್ಬರಿಗೂ 1ರಿಂದ 2 ಚದರ ಮೀಟರ್ ಲೆಕ್ಕ ಇಟ್ಕೊಳ್ಳಿ, ಮಳೆ ಶುರುವಾದ ಮೇಲೆ ಗೇಣುದ್ದದ ಗೆಡ್ಡೆ ಚಿಗುರಿನ ಸಮೇತ ನೆಡಿ, ಗಿಡ ಕಚ್ಚಿಕೊಳ್ಳೋವರೆಗೂ ವಾಷಿಂಗ್ ಮಷೀನ್ ನೀರು ಬಿಡಬೇಡಿ.