ಸಂಡೂರು ಗುಡ್ಡದ ಜಲಪಾತಕ್ಕೆ ಹೊರಟವರೇ, ಮೊದಲು ಹಳ್ಳದ ಸುದ್ದಿ ಕೇಳಿ

ನಮ್ಮ ಬಳ್ಳಾರಿ ಕಡೆ ಹಳ್ಳ ಹರಿಯುತ್ತದೆ ಅನ್ನುವುದಕ್ಕಿಂತ ಹಳ್ಳ ‘ಬಂತು’ ಅನ್ನುವುದೇ ಹೆಚ್ಚು. ಬೇಸಿಗೆಯಲ್ಲಿ ಎಮ್ಮೆ ಮಲಗಲೂ ನೀರಿಲ್ಲದ ಹಳ್ಳ, ಒಂದು ಸಂಜೆ ಎಲ್ಲಿಂದಲೋ ಬಂದುಬಿಡುತ್ತದೆ. ಚಿಕ್ಕಂದಿನಿಂದ ಈ ಮಾತು ಕೇಳಿ ಬೆಳೆದವನು ನಾನು. ಆದರೂ ಮೂವತ್ತು ಸೆಕೆಂಡಿನ ರೀಲ್ಸ್ ಒಂದನ್ನು ನಂಬಿ ಹಳ್ಳದ ದಾರಿಯಲ್ಲೇ ಗುಡ್ಡ ಹತ್ತಿದೆ. ಆದದ್ದನ್ನು ಹೇಳುತ್ತೇನೆ.

ಸೆಪ್ಟೆಂಬರ್ ಮೂರನೇ ಭಾನುವಾರ. ನಾಲ್ಕು ಜನ, ಎರಡು ಬೈಕು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಅಂತ ಗಾಂಧೀಜಿ ಹೇಳಿದ್ದರಂತೆ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ, ನಮ್ಮ ಬಾಯಲ್ಲೂ ಇತ್ತು. ತೋರಣಗಲ್ಲು ದಾಟಿ, ಅದಿರು ಲಾರಿಗಳ ಹಿಂದೆ ಕೆಂಧೂಳು ಕುಡಿಯುತ್ತಾ ಸಂಡೂರು ಮುಟ್ಟಿದಾಗ ಹತ್ತು ಗಂಟೆ. ಗುಡ್ಡ ನಿಜಕ್ಕೂ ಹಸಿರೋ ಹಸಿರು. ತುದಿಯ ಮೇಲೆ ಮೋಡ ಕೂತಿತ್ತು. ಅದನ್ನು ನೋಡಿ ಹೆದರಬೇಕಿತ್ತು, ನಾವು ಫೋಟೋ ತೆಗೆದೆವು.

ಜಲಪಾತದ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಭಾನುವಾರ ಅಲ್ಲೇ ಜಾತ್ರೆ ಆಗುತ್ತದೆ. ಅದು ಕಾಯ್ದಿಟ್ಟ ಅರಣ್ಯದೊಳಗಿದೆ, ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾವು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ.

ಊರಾಚೆ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಸಿಕ್ಕ. ದಾರಿ ಕೇಳಿದೆವು. ಕೈ ತೋರಿಸಿದ. ಆಮೇಲೆ ಗುಡ್ಡದ ಕಡೆ ಒಮ್ಮೆ ನೋಡಿ, “ಉತ್ತರಿ ಮಳಿ ಐತೆ. ಮಧ್ಯಾಹ್ನದೊಳಗ ಇಳಕಂಬಿಡ್ರಿ, ಹಳ್ಳ ಬರ್ತದ” ಅಂದ. “ಆಯ್ತಜ್ಜ” ಅಂದೆವು. ಎಂತಹ ಸುಲಭದ ಮಾತು!

ರೀಲ್ಸ್‌ನಲ್ಲಿ ಬೈಕು ನಿಲ್ಲಿಸುವುದು, ಆಮೇಲೆ ನೇರವಾಗಿ ಜಲಪಾತ. ನಡುವೆ ಒಂದೇ ಹಳ್ಳವನ್ನು ಮೂರು ಕಡೆ ದಾಟಬೇಕು ಅನ್ನುವುದನ್ನು ಆ ಪುಣ್ಯಾತ್ಮ ಕತ್ತರಿಸಿ ಹಾಕಿದ್ದ. ಹೋಗುವಾಗ ನಮಗೂ ಅದು ಲೆಕ್ಕಕ್ಕೆ ಬರಲಿಲ್ಲ. ಮೊದಲ ದಾಟಿನಲ್ಲಿ ಪಾದ ಮುಳುಗುವಷ್ಟು ನೀರು, ಎರಡನೆಯದರಲ್ಲಿ ಹರಡು ಮಟ್ಟ, ಮೂರನೆಯದು ಬರೀ ಬಂಡೆ. ಅಡಿಯ ಕಲ್ಲು ಕಾಣುವಷ್ಟು ತಿಳಿನೀರು. ಜಲಪಾತ ಚೆನ್ನಾಗಿತ್ತು. ಅದರ ಬಗ್ಗೆ ಇಷ್ಟು ಸಾಕು.

ಎರಡೂವರೆ ಆಗಿರಬೇಕು. ನಮ್ಮ ತಲೆಯ ಮೇಲೆ ಬಿಸಿಲು. ಎಲ್ಲೋ ದೂರದಲ್ಲಿ, ಖಾಲಿ ಡ್ರಮ್ ಉರುಳಿಸಿದಂತೆ ಗುಡುಗು. ಕೊರಕಲಿನೊಳಗೆ ನಿಂತವನಿಗೆ ಕಾಣುವುದು ಒಂದು ಪಟ್ಟಿ ಆಕಾಶ ಮಾತ್ರ. ಗುಡ್ಡದ ಆಚೆ ಮಗ್ಗುಲಿಗೆ ಏನು ಸುರಿಯುತ್ತಿದೆಯೋ ತಿಳಿಯುವುದಿಲ್ಲ. ಮಲೆನಾಡಿನಂತೆ ಇಲ್ಲಿ ದಿನಗಟ್ಟಲೆ ಜಿಟಿಜಿಟಿ ಇರುವುದಿಲ್ಲ. ಜೂನ್, ಜುಲೈ ಗಾಳಿಯಲ್ಲೇ ಕಳೆದುಹೋಗಿ, ನಮ್ಮ ದೊಡ್ಡ ಮಳೆಯೆಲ್ಲ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಬರುತ್ತದೆ. ಒಂದು ತಾಸು ಬಿದ್ದರೂ ಕಡಿದಾದ ಇಳಿಜಾರು, ತೆಳು ಮಣ್ಣು, ಕೆಳಗೆ ಕಬ್ಬಿಣದ ಬಂಡೆ. ನೀರು ಇಂಗುವುದೆಲ್ಲಿ? ಎಲ್ಲ ಹಳ್ಳಕ್ಕೇ.

ಮೂರನೇ ದಾಟು ದಾಟಿ ಕೆಳಗಿಳಿಯುವಾಗ ಗೆಳೆಯನೊಬ್ಬ, “ಲೇ, ನೀರಿನ ಬಣ್ಣ ನೋಡೋ” ಅಂದ. ತಿಳಿನೀರು ಚಹಾದಂತಾಗಿತ್ತು. ಹತ್ತು ನಿಮಿಷದಲ್ಲಿ ಅದಿರಿನ ಕೆಂಪು. ಒಣ ಎಲೆ, ಕಡ್ಡಿಗಳು ಗುಂಪುಗುಂಪಾಗಿ ತೇಲಿ ಬಂದವು. ಆಮೇಲೆ ಸದ್ದು. ನೀರಿನ ಸದ್ದಲ್ಲ, ನೀರಿನಡಿ ಕಲ್ಲು ಕಲ್ಲಿಗೆ ಬಡಿಯುವ ಸದ್ದು. ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಎಲ್ಲಾದರೂ ಬಣ್ಣ ತಿರುಗಿದ್ದು ಕಂಡರೆ ದಾಟುವ ಯೋಚನೆ ಬಿಟ್ಟು, ಇರುವ ದಂಡೆಯಲ್ಲೇ ಎತ್ತರಕ್ಕೆ ಹತ್ತಿ. ನಮ್ಮ ಮೇಲೆ ಆಗಲೂ ಒಂದು ಹನಿ ಬಿದ್ದಿರಲಿಲ್ಲ.

ನಾವು ಹತ್ತಲಿಲ್ಲ, ಓಡಿದೆವು. ಎರಡನೇ ದಾಟಿನಲ್ಲಿ ನೀರು ಮೊಣಕಾಲಿಗೆ ಬಂದಿತ್ತು. “ಮೊಣಕಾಲೇ ಅಲ್ವಾ” ಅಂದವನು ನಾನೇ. ಒಬ್ಬ ಇಳಿದ. ನಾಲ್ಕು ಹೆಜ್ಜೆಗೆ ಕಾಲು ಕಿತ್ತಿತು. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಅಂತ ಶಾಲೆಯಲ್ಲಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಮೇಷ್ಟ್ರು ಅವನು! ಇಪ್ಪತ್ತು ಅಡಿ ಎಳೆದುಕೊಂಡು ಹೋಗಿ ಬಂಡೆಗೆ ಹೊಡೆಯಿತು. ನಮ್ಮ ದಂಡೆಯ ಕಡೆಗೇ ಹೊಡೆದದ್ದು ನಮ್ಮ ಪುಣ್ಯ. ಟವೆಲ್ ಎಸೆದು ಎಳೆದುಕೊಂಡೆವು. ಭುಜ ಕಳಚಿತ್ತು, ಒಂದು ಬೂಟು ಹೋಗಿತ್ತು, ಬೈಕಿನ ಕೀಲಿಯೂ ಹೋಗಿತ್ತು.

ಆಮೇಲೆ ಮಳೆ ನಮ್ಮ ಮೇಲೂ ಬಂತು.

ಹಳ್ಳ ಬಿಟ್ಟು ಕಾಡಿನೊಳಗಿಂದ ಸುತ್ತು ಹಾಕಿ ಇಳಿಯೋಣ ಅಂತ ಅರ್ಧ ತಾಸು ಲಂಟಾನದಲ್ಲಿ ಒದ್ದಾಡಿದೆವು. ಸಿಗ್ನಲ್ ಇರಲಿಲ್ಲ, 112 ಒತ್ತಿದರೂ ಕರೆ ಹೋಗಲಿಲ್ಲ. ಮ್ಯಾಪಿನಲ್ಲಿ ನಾವಿರುವ ಚುಕ್ಕೆ ಕಾಣುತ್ತಿತ್ತು, ಆದರೆ ಮುಖ ಯಾವ ಕಡೆ ಅನ್ನುವ ಬಾಣ ಗಿರಗಿರ ತಿರುಗುತ್ತಿತ್ತು. ಈ ಗುಡ್ಡಗಳ ಅದಿರಿನಲ್ಲಿ ಮ್ಯಾಗ್ನಟೈಟ್ ಇದೆ, ಅಂದರೆ ಅಯಸ್ಕಾಂತದ ಕಲ್ಲು. ಅದರ ಪಕ್ಕದಲ್ಲಿ ಫೋನಿನ ದಿಕ್ಸೂಚಿಯನ್ನು ನಂಬುವಂತಿಲ್ಲ. ಮರಳಿ ಬಂದು, ನೀರಿನಿಂದ ಮೂರಾಳು ಎತ್ತರದ ಒಂದು ಬಂಡೆಯ ಕೆಳಗೆ ಕೂತೆವು. ಮೊದಲೇ ಹಾಗೆ ಕೂತಿದ್ದರೆ ಮೇಷ್ಟ್ರ ಭುಜ ಇದ್ದಲ್ಲೇ ಇರುತ್ತಿತ್ತು.

ಕತ್ತಲಾಯಿತು. ಇದು ದರೋಜಿ ಕರಡಿಧಾಮ ಇರುವ ತಾಲ್ಲೂಕು, ಧಾಮದ ಗಡಿ ಕರಡಿಗೆ ಗೊತ್ತಿರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅದರ ಓಡಾಟ ಹೆಚ್ಚು. ಒಬ್ಬರಾದ ಮೇಲೊಬ್ಬರು ಜೋರಾಗಿ ಮಾತಾಡುತ್ತಾ ಕೂತೆವು. ಏನು ಮಾತಾಡಿದೆವೋ ನೆನಪಿಲ್ಲ, ಯಾರೋ ಮಗ್ಗಿ ಹೇಳಿದ ನೆನಪು.

ಒಂಬತ್ತರ ಹೊತ್ತಿಗೆ ಆಚೆ ದಂಡೆಯಲ್ಲಿ ಬ್ಯಾಟರಿ ಬೆಳಕು. ಅದೇ ಅಜ್ಜ, ಜೊತೆಗೆ ಊರಿನ ಮೂವರು, ಹಗ್ಗ, ಬಡಿಗೆ. ಸಂಜೆ ಕುರಿ ಹೊಡೆದುಕೊಂಡು ಮನೆಗೆ ಹೋಗುವಾಗ ನಮ್ಮ ಬೈಕು ನಿಂತಲ್ಲೇ ಇರುವುದು ನೋಡಿದ್ದನಂತೆ. ಅಲ್ಲಿಂದ ಕೂಗಿದ: “ಈಗ್ಲೇ ಇಳೀಬ್ಯಾಡ್ರಿ, ಕುಂದರ್ರಿ!” ನೀರಿನಂಚಿಗೆ ಒಂದು ಕಡ್ಡಿ ನೆಟ್ಟು, ಬೀಡಿ ಹಚ್ಚಿ, ತಾನೂ ಕೂತ. ನೀರು ಕಡ್ಡಿಯಿಂದ ಒಂದು ಮೊಳ ಹಿಂದೆ ಸರಿಯುವ ತನಕ ಯಾರನ್ನೂ ಇಳಿಯಲು ಬಿಡಲಿಲ್ಲ. ಬಂದ ಹಳ್ಳ ಹೋಗಿಯೇ ಹೋಗುತ್ತದೆ, ಕಾಯಬೇಕು ಅಷ್ಟೆ. ಹತ್ತೂವರೆಗೆ ಹಗ್ಗ ಹಿಡಿದು ದಾಟಿದೆವು. ಮೊದಲ ದಾಟಿನ ಹೊತ್ತಿಗೆ ನೀರು ಮತ್ತೆ ಮೀನಖಂಡಕ್ಕೆ ಇಳಿದಿತ್ತು. ಅಜ್ಜ ಬೈಯಲಿಲ್ಲ. ದುಡ್ಡು ಕೊಡಲು ಹೋದಾಗ ಮಾತ್ರ ಮುಖ ತಿರುಗಿಸಿದ.

ಭುಜಕ್ಕೆ ಆರು ವಾರ ಪಟ್ಟಿ. ನನ್ನ ಪ್ಯಾಂಟಿನ ಕೆಂಪು ಎಷ್ಟು ಒಗೆದರೂ ಹೋಗಿಲ್ಲ.

ಸಂಡೂರು ನೋಡಲೇಬೇಕು ಅಂದರೆ ಸ್ವಾಮಿಮಲೆಯ ಕುಮಾರಸ್ವಾಮಿ ಗುಡಿಯ ತನಕ ರಸ್ತೆಯೇ ಇದೆ. ಪಕ್ಕದ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ನಾರಿಹಳ್ಳದ ಜಲಾಶಯವನ್ನು ರಸ್ತೆಯಿಂದಲೇ ಕಣ್ತುಂಬ ನೋಡಬಹುದು. ನೀರಿಗೆ ಕೈಯೊಡ್ಡಲೇಬೇಕು ಅನ್ನುವವರಿಗೆ ಹರಿಶಂಕರದ ಬುಗ್ಗೆ ಇದೆ, ಅಲ್ಲಿಗೆ ಹೋಗಲು ಯಾವ ಹಳ್ಳವನ್ನೂ ದಾಟಬೇಕಿಲ್ಲ. ಗುಡ್ಡದೊಳಗಿನ ಆ ಜಲಪಾತಕ್ಕೇ ಹೋಗುತ್ತೇನೆ ಅನ್ನುವವರು ಅನುಮತಿ ತೆಗೆದುಕೊಳ್ಳಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಹನ್ನೆರಡಕ್ಕೆ ಬೆನ್ನು ತಿರುಗಿಸಿ. ದಾರಿಯಲ್ಲಿ ಕುರಿ ಕಾಯುವ ಅಜ್ಜ ಸಿಕ್ಕರೆ, ದಾರಿ ಕೇಳುವ ಮೊದಲು ಮಳೆ ಕೇಳಿ.