ಲೆಟರ್‌ಬಾಕ್ಸ್ಡ್, ವರ್ಷಗಟ್ಟಲೆ ಬಳಸಿದ ಮೇಲೆ: ಡೈರಿಗೆ ಫುಲ್ ಮಾರ್ಕ್ಸ್, ಸ್ಟಾರ್‌ಗಳಿಗೆ ಪಾಸೂ ಇಲ್ಲ

ನೋಡಿದ ಸಿನಿಮಾ ಬರೆದಿಡೋಕೆ ಒಂದು ಆ್ಯಪ್ ಬೇಕಾ? ಬೇಡ. ಒಂದು ನೋಟ್‌ಬುಕ್ ಧಾರಾಳ ಸಾಕು. ಆದರೂ ವರ್ಷಗಳಿಂದ ಲೆಟರ್‌ಬಾಕ್ಸ್ಡ್ ನನ್ನ ಫೋನಿನ ಮೊದಲ ಪರದೆಯಿಂದ ಕದಲಿಲ್ಲ. 2011ರಲ್ಲಿ ನ್ಯೂಜಿಲೆಂಡಿನ ಮ್ಯಾಥ್ಯೂ ಬುಕಾನನ್ ಮತ್ತು ಕಾರ್ಲ್ ವಾನ್ ರಾಂಡೋ ಶುರುಮಾಡಿದ ಸೇವೆ ಇದು. 2023ರಲ್ಲಿ ಇದರ ಬಹುಪಾಲು ಕೆನಡಾದ ಟೈನಿ ಅನ್ನೋ ಕಂಪನಿಯ ಕೈಗೆ ಹೋಯಿತು. ಆಮೇಲೂ ನನ್ನ ದಿನನಿತ್ಯದ ಬಳಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಿಲ್ಲ.

ಇದರ ಜೀವ ಇರೋದು ಡೈರಿಯಲ್ಲಿ. ಸಿನಿಮಾ ಹುಡುಕಿ, ತಾರೀಕು ಹಾಕಿ, ಮೊದಲೇ ನೋಡಿದ್ದರೆ ‘ಮತ್ತೆ ನೋಡಿದ್ದು’ ಅಂತ ಗುರುತು ಮಾಡಿ, ಒಂದೆರಡು ಸಾಲು ಬರೆದರೆ ಮುಗೀತು. ನಾನು ಕಥೆ ಬರೆಯಲ್ಲ, ಅದು ಎಲ್ಲಿ ಬೇಕಾದರೂ ಸಿಗುತ್ತೆ. ಯಾವ ದೃಶ್ಯದಲ್ಲಿ ಫೋನ್ ಕೈಗೆ ಬಂತು, ಯಾವ ದೃಶ್ಯದಲ್ಲಿ ಫೋನ್ ಇದೆ ಅನ್ನೋದೇ ಮರೆತುಹೋಯ್ತು, ಇಷ್ಟು ಬರೆದಿಡ್ತೀನಿ. ಅದೇ ಸಿನಿಮಾ ವರ್ಷಗಳ ಮೇಲೆ ಮತ್ತೆ ನೋಡಿ ಹಳೆಯ ಸಾಲು ತೆಗೆದರೆ ಒಳ್ಳೇ ಮಜಾ. ಆಗ ‘ಅಪ್ಪನ ಪಾತ್ರ ಬರೀ ಕಿರಿಕಿರಿ’ ಅಂತ ಬರೆದಿದ್ದ ಸಿನಿಮಾದಲ್ಲಿ ಈಗ ಅಪ್ಪನೊಬ್ಬನೇ ತಲೆ ನೆಟ್ಟಗಿರೋ ಮನುಷ್ಯ ಅನ್ನಿಸುತ್ತೆ. ಈ ಖುಷಿ ಕೊಡೋ ಇನ್ನೊಂದು ಆ್ಯಪ್ ನನಗೆ ಸಿಕ್ಕಿಲ್ಲ.

ಇನ್ನು ಸ್ಟಾರ್‌ಗಳ ಕಥೆ. ಅರ್ಧದಿಂದ ಐದರವರೆಗೆ, ಒಟ್ಟು ಹತ್ತು ಮೆಟ್ಟಿಲು. ಕೇಳೋಕೆ ಧಾರಾಳ, ಆದರೆ ಕೈ ಮಾತ್ರ ಸದಾ ಮೂರೂವರೆಗೇ ಹೋಗಿ ನಿಲ್ಲುತ್ತೆ. ಹೊಟ್ಟೆ ಹುಣ್ಣಾಗುವಷ್ಟು ನಗಿಸಿ ಮರುದಿನ ಮರೆತುಹೋದ ಕಾಮಿಡಿಗೂ ಮೂರೂವರೆ, ಅರ್ಧ ಅರ್ಥವಾಗದೆ ವಾರವಿಡೀ ಕಾಡಿದ ಸಿನಿಮಾಗೂ ಮೂರೂವರೆ. ಹಾಗಾದರೆ ಆ ಅಂಕಿ ಏನು ಹೇಳಿತು? ಏನೂ ಇಲ್ಲ. ಸ್ಟಾರ್ ಕೊಡೋದನ್ನ ನಾನು ನಿಲ್ಲಿಸಿಬಿಟ್ಟೆ. ಇಷ್ಟವಾದರೆ ಹಾರ್ಟ್ ಒತ್ತುತ್ತೀನಿ, ಇಲ್ಲಾಂದ್ರೆ ಬರೀ ತಾರೀಕು.

ಅಂಕಿಗಳ ಮೇಲಿನ ಈ ಸಿಟ್ಟು ಲೆಟರ್‌ಬಾಕ್ಸ್ಡ್ ಒಂದರ ಮೇಲಲ್ಲ. ವಿಮರ್ಶಕರ ಅಭಿಪ್ರಾಯಗಳನ್ನ ಒಟ್ಟು ಮಾಡುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರನ್ನು ಪರೀಕ್ಷೆಯ ಅಂಕದ ಹಾಗೆ ಓದುವವರು ಇವತ್ತಿಗೂ ಇದ್ದಾರೆ. ಅದು ಅಂಕವೇ ಅಲ್ಲ, ಎಷ್ಟು ಜನ ವಿಮರ್ಶಕರು ‘ಪರವಾಗಿಲ್ಲ’ದಿಂದ ಮೇಲೆ ಹೇಳಿದರು ಅನ್ನೋ ತಲೆಲೆಕ್ಕ. 60 ಮುಟ್ಟಿದರೆ ಕೆಂಪು ಟೊಮ್ಯಾಟೋ, ಅಂದರೆ ‘ಚೆನ್ನಾಗಿದೆ’ ಅನ್ನೋ ಗುರುತು. ಎಲ್ಲರಿಗೂ ಚೂರುಚೂರು ಹಿಡಿಸಿದ ಸಪ್ಪೆ ಸಿನಿಮಾ 95 ತಗೊಂಡು ಕೂತಿರುತ್ತೆ, ಅರ್ಧ ಜನಕ್ಕೆ ಹುಚ್ಚು ಹಿಡಿಸಿ ಉಳಿದರ್ಧಕ್ಕೆ ರೇಗಿಸಿದ ಸಿನಿಮಾ 50ರಲ್ಲಿ ಬಿದ್ದಿರುತ್ತೆ. ನನ್ನನ್ನ ಕೇಳಿದರೆ ಎರಡನೆಯದನ್ನೇ ಮೊದಲು ನೋಡಿ.

ಜನರ ವಿಮರ್ಶೆಗಳ ವಿಭಾಗ ಅರ್ಧ ಸಂತೋಷ, ಅರ್ಧ ತಲೆನೋವು. ಲೈಕ್ ಬೀಳೋದು ಒಂದು ಸಾಲಿನ ಜೋಕಿಗೆ. ಆರು ಪ್ಯಾರಾ ಕೂತು ಬರೆದ ಪುಣ್ಯಾತ್ಮ ಕೆಳಗೆಲ್ಲೋ ಇರ್ತಾನೆ. ನನ್ನ ಉಪಾಯ: ನನಗೆ ಇಷ್ಟವಾದದ್ದನ್ನ ಸಕಾರಣವಾಗಿ ಬಯ್ಯುವ ನಾಲ್ಕೈದು ಜನರನ್ನ ಹುಡುಕಿ ಫಾಲೋ ಮಾಡೋದು. ಅವರು ಮೆಚ್ಚಿದ್ದು ನನಗೂ ಹಿಡಿಸುತ್ತೆ ಅಂತೇನಿಲ್ಲ, ಆದರೆ ಯಾಕೆ ಮೆಚ್ಚಿದರು ಅಂತ ಓದಿದರೆ ಅದು ನನ್ನ ಪಾಲಿಗಾ ಅಲ್ಲವಾ ಅಂತ ಗೊತ್ತಾಗಿಬಿಡುತ್ತೆ. ಪ್ರೊಫೈಲ್‌ನ ನಾಲ್ಕು ಮೆಚ್ಚಿನ ಸಿನಿಮಾಗಳನ್ನ ಮಾತ್ರ ನಂಬಬೇಡಿ. ಅಲ್ಲಿ ಮೂರು ಶೋಕೇಸಿಗೆ, ಒಂದು ಮನಸ್ಸಿಗೆ.

ಡೈರಿ ತಿರುವಿದರೆ ನನಗೇ ಕಾಣುವ ಇನ್ನೊಂದು ವಿಷಯ: ‘ಸಿನಿಮಾ ತುಂಬಾ ಉದ್ದ’ ಅನ್ನೋ ನನ್ನ ದೂರು ನಿಜಕ್ಕೂ ಉದ್ದದ ಮೇಲಲ್ಲ. ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ 207 ನಿಮಿಷ ಇದೆ, ಗಡಿಯಾರ ನೋಡಿದ ನೆನಪಿಲ್ಲ. 140 ನಿಮಿಷದ ಎಷ್ಟೋ ಸೂಪರ್‌ಹೀರೋ ಸಿನಿಮಾಗಳ ಕೊನೇ ಅರ್ಧ ಗಂಟೆಯ ಹೊಡೆದಾಟದಲ್ಲಿ ಮಾತ್ರ ‘ಫೋನ್ ಕೈಗೆ ಬಂತು’ ಅಂತಲೇ ಬರೆದಿರುತ್ತೀನಿ.

ಸೀರಿಯಲ್, ಸೀರೀಸ್ ನೋಡುವವರಿಗೆ ಈ ಆ್ಯಪ್ ಆಗಿಬರಲ್ಲ. ಇಲ್ಲಿ ಸಿನಿಮಾಗಳದ್ದೇ ದರ್ಬಾರು. ಮೊದಮೊದಲು ಇದು ಕೊರತೆ ಅನ್ನಿಸ್ತಿತ್ತು, ಈಗ ಸರಿ ಅನ್ನಿಸುತ್ತೆ. ಸೀರೀಸ್ ‘ನೋಡಿ ಮುಗಿಸಿದ್ದು’ ಯಾವಾಗ ಅಂತ ಹೇಳೋದೇ ಕಷ್ಟ. 2013ರಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ 13 ಎಪಿಸೋಡುಗಳನ್ನ ಒಂದೇ ದಿನ ಬಿಟ್ಟ ಮೇಲೆ ಆ ಚಾಳಿ ಎಲ್ಲೆಡೆ ಹಬ್ಬಿತು, ಎಪಿಸೋಡಿಗೆ ಇದ್ದ ತಲೆ–ಬಾಲ ಹೋಯಿತು. ‘ಇದು ಎಂಟು ಗಂಟೆಯ ಸಿನಿಮಾ’ ಅಂತ ಯಾರಾದರೂ ನಿರ್ದೇಶಕರು ಹೆಮ್ಮೆಯಿಂದ ಹೇಳಿದರೆ ನಾನು ಪಟ್ಟಿಯಿಂದಲೇ ತೆಗೆದುಬಿಡ್ತೀನಿ. ವಾರಕ್ಕೊಂದು ಬಂದರೆ ಏಳು ದಿನ ಜಗಳ ಆಡಬಹುದು, ಮುಂದೇನು ಅಂತ ಊಹಿಸಬಹುದು. ಸೀರೀಸಿನ ಅರ್ಧ ರುಚಿ ಅಲ್ಲೇ ಇರೋದು.

ಪಾಡ್‌ಕಾಸ್ಟಿಗೂ ಇಂಥದ್ದೊಂದು ಡೈರಿ ಇರಬಾರದಾ ಅಂತ ಎಷ್ಟೋ ಸಲ ಅನ್ನಿಸಿದೆ. ಪ್ರಯೋಗಗಳು ಆಗಿವೆ, ನನಗೆ ಯಾವುದೂ ಅಂಟಲಿಲ್ಲ. ಪಾತ್ರೆ ತೊಳೆಯುತ್ತಾ ಕೇಳಿದ್ದಕ್ಕೆ ಕೈ ಒರೆಸಿಕೊಂಡು ಬಂದು ವಿಮರ್ಶೆ ಬರೆಯೋರು ಯಾರು? ಆದರೆ ಒಂದು ವಿಷಯದಲ್ಲಿ ಪಾಡ್‌ಕಾಸ್ಟ್ ಉಳಿದೆಲ್ಲವನ್ನೂ ಮೀರಿಸುತ್ತೆ. ಅದು ಆರ್‌ಎಸ್‌ಎಸ್ ಫೀಡ್ (ಹೊಸ ಕಂತುಗಳನ್ನ ಯಾವ ಆ್ಯಪ್‌ಗಾದರೂ ತಲುಪಿಸುವ ಮುಕ್ತ ವ್ಯವಸ್ಥೆ) ಮೇಲೆ ನಡೆಯುವುದರಿಂದ ಆ್ಯಪ್ ಬದಲಾಯಿಸಿದರೂ ಚಂದಾದಾರಿಕೆಗಳ ಪಟ್ಟಿಯನ್ನ ಓಪಿಎಂಎಲ್ ಅನ್ನೋ, ಬೇರೆ ಆ್ಯಪ್‌ಗಳೂ ಓದಬಲ್ಲ ಫೈಲಾಗಿ ಹೊತ್ತುಕೊಂಡು ಹೋಗಬಹುದು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಬಾಗಿಲು ಹಾಕಿದಾಗ ಕೇಳುಗರು ಹಾಗೇ ಬೇರೆಡೆಗೆ ಹೋದರು. ಸ್ಟ್ರೀಮಿಂಗ್ ಸೇವೆಯಿಂದ ಸಿನಿಮಾ ಮಾಯವಾದರೆ ಹೀಗೆ ಹೊತ್ತೊಯ್ಯೋಕೆ ಏನೂ ಇರಲ್ಲ.

ಕೇಳೋದರಲ್ಲಿ ನನ್ನ ಅಭಿರುಚಿ ಚೂರು ಹಠಮಾರಿ. ಹಳೇ ಸೀರೀಸಿನ ನಟರು ಸೇರಿ ‘ಅಯ್ಯೋ, ಆವತ್ತು ಸೆಟ್ಟಲ್ಲಿ ಎಷ್ಟು ನಕ್ಕಿದ್ವಿ’ ಅನ್ನೋ ಕಾರ್ಯಕ್ರಮಗಳು ಎರಡನೇ ಕಂತಿಗೇ ಸಾಕಾಗುತ್ತವೆ. ಬರೆದವರು ಕೂತು ಮಾತಾಡಿದರೆ ಕಥೆಯೇ ಬೇರೆ. ಅಣುಸ್ಥಾವರ ದುರಂತದ ಕಥೆ ಹೇಳುವ 2019ರ ‘ಚೆರ್ನೋಬಿಲ್’ ಸೀರೀಸಿಗೆ ಎಚ್‌ಬಿಒ ಮಾಡಿದ ಪಾಡ್‌ಕಾಸ್ಟಿನಲ್ಲಿ ಬರಹಗಾರ ಕ್ರೇಗ್ ಮೇಝಿನ್ ಯಾವುದು ನಡೆದದ್ದು, ಯಾವುದು ತಾವು ಸೇರಿಸಿದ್ದು ಅಂತ ಕಂತುಕಂತಿಗೂ ಬಿಡಿಸಿ ಹೇಳ್ತಾರೆ. ಉಲಾನಾ ಖೊಮ್ಯುಕ್ ಅನ್ನೋ ವಿಜ್ಞಾನಿ ಒಬ್ಬ ನಿಜವಾದ ವ್ಯಕ್ತಿಯಲ್ಲ, ಹಲವು ವಿಜ್ಞಾನಿಗಳನ್ನ ಒಟ್ಟು ಮಾಡಿ ಕಟ್ಟಿದ ಪಾತ್ರ. ಇದು ತಿಳಿದ ಮೇಲೆ ಸೀರೀಸಿನ ಮೇಲಿನ ಗೌರವ ನನಗಂತೂ ಕಮ್ಮಿಯಾಗಲಿಲ್ಲ. ಅಂದಹಾಗೆ, ಹರಟೆ ಪಾಡ್‌ಕಾಸ್ಟನ್ನ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ, ಯಾರೂ ಬೇಡ ಅನ್ನಲ್ಲ. ಆಡಿಯೋ ನಾಟಕಕ್ಕೆ ಹಾಗೆ ಮಾಡಿದರೆ ಮೌನಕ್ಕೆ ಜಾಗವೇ ಉಳಿಯಲ್ಲ.

ಮತ್ತೆ ಲೆಟರ್‌ಬಾಕ್ಸ್ಡ್‌ಗೆ ಬರೋಣ. ವಾಚ್‌ಲಿಸ್ಟ್ ಬಗ್ಗೆ ಒಂದೇ ಮಾತು: ಅದು ಬೆಳೆಯುತ್ತೆ, ಕರಗಲ್ಲ. ಡೇಟಾ ಕಳೆದುಹೋಗುತ್ತೆ ಅನ್ನೋ ಭಯ ಇದ್ದವರಿಗೆ ಸಮಾಧಾನ ಇದೆ. ಡೈರಿ, ವಿಮರ್ಶೆ ಎಲ್ಲವನ್ನೂ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಫೈಲುಗಳಾಗಿ ಇಳಿಸಿಕೊಳ್ಳಬಹುದು, ನಾನು ಆಗಾಗ ಇಳಿಸಿಟ್ಟುಕೊಳ್ತೀನಿ. ದುಡ್ಡು ಕೊಟ್ಟು ಪ್ರೊ ತಗೋಬೇಕಾ ಅಂದರೆ, ವರ್ಷದ ಕೊನೆಗೆ ಯಾವ ನಿರ್ದೇಶಕರನ್ನ ಎಷ್ಟು ನೋಡಿದೆ ಅನ್ನೋ ಗ್ರಾಫ್ ನೋಡಿ ಹಿಗ್ಗುವ ಜಾತಿ ನೀವಾದರೆ ತಗೊಳ್ಳಿ. ಬರೆದಿಡೋಕಷ್ಟೇ ಅಂದರೆ ಉಚಿತದ್ದೇ ಸಾಕು.